ಹೊನ್ನೂರಮ್ಮನ ರಬ್ಬರ್ ಹಲಗೆ

ಬನ್ನಿ, ಬನ್ನಿ. ಹತ್ತಿರ ಬನ್ನಿ. ಮಂಡಿಗೆ ಮಂಡಿ ತಾಗುವ ಹಾಗೆ ಕೂತ್ಕೊಳ್ಳಿ. ಕೂತಿರಾ? ಹೂಂ ಅನ್ನಿ ಮತ್ತೆ.

ಕೆಂಗಲ್ಲಹಟ್ಟಿ ಅಂತ ಒಂದು ಊರು. ಆ ಊರಲ್ಲಿ ಹೊನ್ನೂರಮ್ಮ ಅಂತ ಒಬ್ಬಳು. ಅವಳ ಕೆಲಸ ಏನು? ಟೈಲ್ಸ್ ಹಾಕುವ ಕೆಲಸ. ನೆಲಕ್ಕೂ ಹಾಕುತ್ತಾಳೆ. ಗೋಡೆಗೂ ಹಾಕುತ್ತಾಳೆ. ಈಗ ತೊಟ್ಟಿಗೆ ಹಾಕಿದ್ದಾಳೆ.

ಯಾವ ತೊಟ್ಟಿ? ಸಂತೆ ಮೈದಾನದ ತೊಟ್ಟಿ. ದನಕರು ನೀರು ಕುಡಿಯುವ ತೊಟ್ಟಿ. ಹಳೇ ತೊಟ್ಟಿ ಒಡೆದುಹೋಗಿತ್ತು. ಊರವರು ಹೊಸದು ಕಟ್ಟಿಸಿದರು. ಹೊನ್ನೂರಮ್ಮ ಅದರ ಒಳಗೆಲ್ಲಾ ಟೈಲ್ಸ್ ಅಂಟಿಸಿದಳು. ಒಂದು ನೀಲಿ, ಒಂದು ಬಿಳಿ. ಒಂದು ನೀಲಿ, ಒಂದು ಬಿಳಿ. ನೋಡೋಕೆ ಎಷ್ಟು ಚಂದ!

ಆದರೆ ಟೈಲ್ಸ್ ನಡುವೆ ಸಂದಿ ಇತ್ತು. ಸಂದಿ ಇದ್ದರೆ ಏನಾಗುತ್ತೆ? ನೀರು ಸಂದಿಯಿಂದ ಜಾರಿ ಹೋಗುತ್ತೆ. ಅದಕ್ಕೇ ಸಂದಿಗೆ ಗಾರೆ ತುಂಬಬೇಕು. ಆ ಗಾರೆಯನ್ನು ಒತ್ತಿ ತುಂಬೋಕೆ ಒಂದು ಹಲಗೆ ಬೇಕು. ಮೇಲೆ ಮರದ ಹಿಡಿ. ಕೆಳಗೆ ದಪ್ಪ ರಬ್ಬರು. ಅದೇ ರಬ್ಬರ್ ಹಲಗೆ.

ಆ ಹಲಗೆಯನ್ನು ಹೊನ್ನೂರಮ್ಮ ಸುಮ್ಮನೆ ತಂದಿರಲಿಲ್ಲ. ಅಂಗಡಿಯಲ್ಲಿ ಒತ್ತಿ ಒತ್ತಿ ನೋಡಿದ್ದಳು. ಒಂದು ಬಹಳ ಮೆತ್ತಗೆ. ಒತ್ತಿದರೆ ಬನ್ನಿನ ಹಾಗೆ ಒಳಗೆ ಹೋಯಿತು. ಬೇಡ ಅಂದಳು. ಒಂದು ಬಹಳ ಗಟ್ಟಿ. ಒತ್ತಿದರೆ ಕಲ್ಲಿನ ಹಾಗೆ ಸುಮ್ಮನಿತ್ತು. ಬೇಡ ಅಂದಳು. ಇನ್ನೊಂದು, ಒತ್ತಿದರೆ ಚೂರು ಬಗ್ಗಿತು. ಬಿಟ್ಟರೆ ಟಪ್ ಅಂತ ನೆಟ್ಟಗಾಯಿತು. ಇದೇ ಬೇಕು ಅಂದಳು. ಅದನ್ನೇ ತಂದಳು.

ಅವತ್ತು ಶುಕ್ರವಾರ. ಸೋಮವಾರ ಸಂತೆ. ಸಂತೆಗೆ ಸುತ್ತಲ ಹಳ್ಳಿಯಿಂದ ಎತ್ತು ಬರುತ್ತೆ. ಎಮ್ಮೆ ಬರುತ್ತೆ. ಆಡು ಬರುತ್ತೆ. ಕುರಿ ಬರುತ್ತೆ. ಬಿಸಿಲಲ್ಲಿ ನಡೆದು ನಡೆದು ಬರುತ್ತವೆ. ನಾಲಿಗೆ ಒಣಗಿಸಿಕೊಂಡು ಬರುತ್ತವೆ. ಇವತ್ತು ಸಂದಿ ತುಂಬಿದರೆ ಸೋಮವಾರಕ್ಕೆ ಗಾರೆ ಗಟ್ಟಿ. ಇವತ್ತು ತುಂಬದಿದ್ದರೆ ತೊಟ್ಟಿ ಖಾಲಿ.

ಹೊನ್ನೂರಮ್ಮ ಹಲಗೆಯನ್ನು ತೊಟ್ಟಿಯ ಅಂಚಿನ ಮೇಲೆ ಇಟ್ಟಳು. ಸೆರಗು ಬಿಗಿದು ಕಟ್ಟಿದಳು. ತಲೆಗೆ ಟವಲ್ ಸುತ್ತಿದಳು. ತಿರುಗಿ ನೋಡಿದಳು.

ಹಲಗೆ ಇಲ್ಲ.

ತೊಟ್ಟಿ ಒಳಗೆ ನೋಡಿದಳು. ಇಲ್ಲ. ತೊಟ್ಟಿ ಹಿಂದೆ ನೋಡಿದಳು. ಇಲ್ಲ. ಎತ್ತಿನ ಗಾಡಿಯ ಕೆಳಗೆ ನೋಡಿದಳು. ಅಲ್ಲಿ ಯಾರಿದ್ದಾರೆ? ಒಂದು ನಾಯಿಮರಿ. ಮೈಯೆಲ್ಲಾ ಬಿಳಿ, ಒಂದು ಕಿವಿ ಕಪ್ಪು. ಬಾಯಲ್ಲಿ ಏನಿದೆ? ರಬ್ಬರ್ ಹಲಗೆ.

ಹೊನ್ನೂರಮ್ಮ ಬಗ್ಗಿ ಕೂತಳು. ಮೆಲ್ಲಗೆ ಹೇಳಿದಳು.

"ಮರಿ, ಮರಿ, ಹಲಗೆ ಕೊಡು. ಹಲಗೆ ಬಂದರೆ ಸಂದಿ ತುಂಬುತ್ತೆ. ಸಂದಿ ತುಂಬಿದರೆ ತೊಟ್ಟಿ ತುಂಬುತ್ತೆ. ತೊಟ್ಟಿ ತುಂಬಿದರೆ ದನಕರು ಕುಡಿಯುತ್ತವೆ."

ನಾಯಿಮರಿ ಬಾಯಿ ಬಿಡಲಿಲ್ಲ. ಹಲ್ಲಿನ ಸಂದಿಯಲ್ಲೇ ಹೇಳಿತು. "ಕೊಡಲ್ಲ. ನನಗೆ ಹೊಸ ಹಲ್ಲು ಬರ್ತಾ ಇದೆ. ಒಸಡು ನವೆಯಾಗುತ್ತೆ. ಕಡಿಯೋಕೆ ಏನಾದರೂ ಬೇಕು. ಒಂದು ರೊಟ್ಟಿ ತಂದುಕೊಡು, ಹಲಗೆ ಬಿಡ್ತೀನಿ."

ಎಳೆದು ಕಿತ್ತುಕೊಳ್ಳಬಹುದಿತ್ತು. ಆದರೆ ಎಳೆದರೆ ರಬ್ಬರು ಹರಿಯುತ್ತೆ. ಹೊನ್ನೂರಮ್ಮ ಎಳೆಯಲಿಲ್ಲ. ಚೀಲ ಹೆಗಲಿಗೆ ಹಾಕಿದಳು. ಸರಸರ ನಡೆದಳು.

ನಡೆದಳು, ನಡೆದಳು. ರೊಟ್ಟಿ ಬೋರಕ್ಕನ ಮನೆಗೆ ಹೋದಳು. ಬೋರಕ್ಕ ಊರಿಗೆಲ್ಲಾ ಜೋಳದ ರೊಟ್ಟಿ ತಟ್ಟಿ ಕೊಡುತ್ತಿದ್ದಳು.

"ಬೋರಕ್ಕ, ಬೋರಕ್ಕ, ರೊಟ್ಟಿ ಕೊಡು. ರೊಟ್ಟಿ ಕೊಟ್ಟರೆ ಮರಿ ಹಲಗೆ ಬಿಡುತ್ತೆ. ಹಲಗೆ ಬಂದರೆ ಸಂದಿ ತುಂಬುತ್ತೆ. ಸಂದಿ ತುಂಬಿದರೆ ತೊಟ್ಟಿ ತುಂಬುತ್ತೆ. ತೊಟ್ಟಿ ತುಂಬಿದರೆ ದನಕರು ಕುಡಿಯುತ್ತವೆ."

ಬೋರಕ್ಕ ಹಿಟ್ಟಿನ ಡಬ್ಬ ಬೋರಲು ಹಾಕಿ ತೋರಿಸಿದಳು. ಒಂದು ಚಿಟಿಕೆ ಹಿಟ್ಟೂ ಬೀಳಲಿಲ್ಲ. "ಆಗಲ್ಲ ಹೊನ್ನೂರಕ್ಕ. ಒಲೆ ಇದೆ, ಹಂಚಿದೆ, ಹಿಟ್ಟಿಲ್ಲ. ಗಿರಣಿಯಿಂದ ಹಿಟ್ಟು ತಾ, ರೊಟ್ಟಿ ತಟ್ತೀನಿ."

ಬೋರಕ್ಕನಿಗೆ ಪಾಪ ಅನ್ನಿಸಿತು. ರೊಟ್ಟಿ ಮಗುಚುವ ಕಬ್ಬಿಣದ ಕೈ ತಂದಳು. ಹಲಗೆ ಬದಲು ಇದರಲ್ಲೇ ಗಾರೆ ತುಂಬು ಅಂದಳು. ಹೊನ್ನೂರಮ್ಮನ ಚೀಲದಲ್ಲಿ ಒಂದು ಟೈಲ್ಸ್ ಚೂರು ಇತ್ತು. ಅದರ ಮೇಲೆ ಉಜ್ಜಿ ನೋಡಿದಳು. ಕರಕರ, ಕರಕರ. ನೀಲಿ ಟೈಲ್ಸ್ ಮೇಲೆ ಉದ್ದಕ್ಕೆ ಗೀರು ಬಿತ್ತು. ಕಬ್ಬಿಣ ಗೀರುತ್ತೆ, ಬೇಡ ಅಂದಳು. ಸರಸರ ನಡೆದಳು.

ನಡೆದಳು, ನಡೆದಳು. ಹಿಟ್ಟಿನ ಗಿರಣಿಗೆ ಹೋದಳು. ಗಿರಣಿ ದಾದಾಪೀರ್ ಬಾಗಿಲಲ್ಲಿ ಕೂತಿದ್ದ. ಗಿರಣಿ ಸದ್ದೇ ಇಲ್ಲ.

"ದಾದಾಪೀರಣ್ಣ, ದಾದಾಪೀರಣ್ಣ, ಹಿಟ್ಟು ಕೊಡು. ಹಿಟ್ಟು ಬಂದರೆ ಬೋರಕ್ಕ ರೊಟ್ಟಿ ತಟ್ಟುತ್ತಾಳೆ. ರೊಟ್ಟಿ ಕೊಟ್ಟರೆ ಮರಿ ಹಲಗೆ ಬಿಡುತ್ತೆ. ಹಲಗೆ ಬಂದರೆ ಸಂದಿ ತುಂಬುತ್ತೆ. ಸಂದಿ ತುಂಬಿದರೆ ತೊಟ್ಟಿ ತುಂಬುತ್ತೆ. ತೊಟ್ಟಿ ತುಂಬಿದರೆ ದನಕರು ಕುಡಿಯುತ್ತವೆ."

ದಾದಾಪೀರ್ ತಲೆ ಅಲ್ಲಾಡಿಸಿದ. ಗಿರಣಿಯ ಬೆಲ್ಟ್ ಎತ್ತಿ ತೋರಿಸಿದ. ಹಾವಿನ ಹಾಗೆ ಉದ್ದ ಬೆಲ್ಟು. ನಡುವೆ ಹರಿದುಹೋಗಿತ್ತು. "ಆಗಲ್ಲ ಹೊನ್ನೂರಕ್ಕ. ಜೋಳ ಇದೆ, ಗಿರಣಿ ಇದೆ, ಬೆಲ್ಟ್ ಹರಿದಿದೆ. ಬೆಲ್ಟ್ ಹೊಲಿಸಿಕೊಂಡು ಬಾ, ಹಿಟ್ಟು ಬೀಸ್ತೀನಿ."

ದಾದಾಪೀರ್ ಕೂಡ ಒಳ್ಳೆಯವನೇ. ಒಂದು ಮರದ ತುಂಡು ಹುಡುಕಿ ಕೊಟ್ಟ. ಇದಕ್ಕೂ ಅಂಚಿದೆ, ಇದರಲ್ಲೇ ತುಂಬಿಬಿಡು ಅಂದ. ಹೊನ್ನೂರಮ್ಮ ಚಿಟಿಕೆ ಗಾರೆ ಪುಡಿ ತೆಗೆದಳು. ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿ ಕಲಸಿದಳು. ಮರದ ತುಂಡಿನಿಂದ ಸವರಿದಳು. ಮರ ನೀರೆಲ್ಲಾ ಗುಟಗುಟ ಕುಡಿಯಿತು. ಗಾರೆಯೆಲ್ಲಾ ಮರಕ್ಕೇ ಮೆತ್ತಿಕೊಂಡಿತು. ಮರ ಕುಡಿಯುತ್ತೆ, ಬೇಡ ಅಂದಳು. ಬೆಲ್ಟನ್ನು ಸುತ್ತಿ ಹೆಗಲಿಗೆ ಹಾಕಿಕೊಂಡಳು. ಸರಸರ ನಡೆದಳು.

ನಡೆದಳು, ನಡೆದಳು. ಆಲದ ಮರದ ಕೆಳಗೆ ಹೋದಳು. ಅಲ್ಲಿ ಪಾಲಯ್ಯ ತಾತ ಕೂತಿದ್ದ. ಚಪ್ಪಲಿ ಹೊಲಿಯುತ್ತಾನೆ. ಚೀಲ ಹೊಲಿಯುತ್ತಾನೆ. ದಪ್ಪ ದಪ್ಪ ಬೆಲ್ಟ್ ಕೂಡ ಹೊಲಿಯುತ್ತಾನೆ.

"ಪಾಲಯ್ಯ ತಾತ, ಪಾಲಯ್ಯ ತಾತ, ಬೆಲ್ಟ್ ಹೊಲಿದುಕೊಡು. ಬೆಲ್ಟ್ ಹೊಲಿದರೆ ಗಿರಣಿ ಹಿಟ್ಟು ಬೀಸುತ್ತೆ. ಹಿಟ್ಟು ಬಂದರೆ ಬೋರಕ್ಕ ರೊಟ್ಟಿ ತಟ್ಟುತ್ತಾಳೆ. ರೊಟ್ಟಿ ಕೊಟ್ಟರೆ ಮರಿ ಹಲಗೆ ಬಿಡುತ್ತೆ. ಹಲಗೆ ಬಂದರೆ ಸಂದಿ ತುಂಬುತ್ತೆ. ಸಂದಿ ತುಂಬಿದರೆ ತೊಟ್ಟಿ ತುಂಬುತ್ತೆ. ತೊಟ್ಟಿ ತುಂಬಿದರೆ ದನಕರು ಕುಡಿಯುತ್ತವೆ."

ಪಾಲಯ್ಯ ತಾತ ದಾರ ಎತ್ತಿ ಹಿಡಿದ. ಎರಡೂ ಕೈಯಿಂದ ಎಳೆದ. ಪಟ್ ಅಂತ ಕಿತ್ತುಹೋಯಿತು. "ಆಗಲ್ಲ ತಾಯಿ. ಸೂಜಿ ಇದೆ, ದಾರ ಇದೆ, ದಾರಕ್ಕೆ ಸವರೋ ಮೇಣ ಇಲ್ಲ. ಮೇಣ ಇಲ್ಲದ ದಾರ ಗಿರಣಿ ಮುಂದೆ ನಿಲ್ಲಲ್ಲ. ಒಂದು ಉಂಡೆ ಮೇಣ ತಾ, ಹೊಲಿದುಕೊಡ್ತೀನಿ."

ತಾತನೂ ಬರಿಗೈಲಿ ಕಳಿಸಲಿಲ್ಲ. ಒಂದು ಚರ್ಮದ ತುಂಡು ಕೊಟ್ಟ. ಹೊನ್ನೂರಮ್ಮ ಅದನ್ನು ಒತ್ತಿ ನೋಡಿದಳು. ಚರ್ಮ ಬಾಳೆಲೆಯ ಹಾಗೆ ಮಡಚಿಕೊಂಡಿತು. ಬಿಟ್ಟರೂ ನೆಟ್ಟಗಾಗಲಿಲ್ಲ. ಮಡಚಿಕೊಳ್ಳುವ ಚರ್ಮದಿಂದ ಸಂದಿಯೊಳಗೆ ಗಾರೆ ಒತ್ತೋದು ಹೇಗೆ? ಬೇಡ ತಾತ ಅಂದಳು. ಬೆಲ್ಟನ್ನು ಅಲ್ಲೇ ಇಟ್ಟಳು. ಸರಸರ ನಡೆದಳು.

ನಡೆದಳು, ನಡೆದಳು. ಊರಾಚೆ ಚೌಡಕ್ಕನ ತೋಟಕ್ಕೆ ಹೋದಳು. ಚೌಡಕ್ಕ ಪೆಟ್ಟಿಗೆಯಲ್ಲಿ ಜೇನು ಸಾಕುತ್ತಿದ್ದಳು. ಜೇನಿದ್ದಲ್ಲಿ ಮೇಣ ಇರುತ್ತೆ.

"ಚೌಡಕ್ಕ, ಚೌಡಕ್ಕ, ಮೇಣ ಕೊಡು. ಮೇಣ ಕೊಟ್ಟರೆ ತಾತ ಬೆಲ್ಟ್ ಹೊಲಿಯುತ್ತಾನೆ. ಬೆಲ್ಟ್ ಹೊಲಿದರೆ ಗಿರಣಿ ಹಿಟ್ಟು ಬೀಸುತ್ತೆ. ಹಿಟ್ಟು ಬಂದರೆ ಬೋರಕ್ಕ ರೊಟ್ಟಿ ತಟ್ಟುತ್ತಾಳೆ. ರೊಟ್ಟಿ ಕೊಟ್ಟರೆ ಮರಿ ಹಲಗೆ ಬಿಡುತ್ತೆ. ಹಲಗೆ ಬಂದರೆ ಸಂದಿ ತುಂಬುತ್ತೆ. ಸಂದಿ ತುಂಬಿದರೆ ತೊಟ್ಟಿ ತುಂಬುತ್ತೆ. ತೊಟ್ಟಿ ತುಂಬಿದರೆ ದನಕರು ಕುಡಿಯುತ್ತವೆ."

ಜೇನುಹುಳಗಳು ಗುಂಯ್ ಗುಂಯ್ ಅಂತ ಹಾರುತ್ತಿದ್ದವು. ಕೋಪದಲ್ಲಿ ಹಾರುತ್ತಿದ್ದವು. ಅವು ನೀರು ಕುಡಿಯುವ ತಟ್ಟೆ ಒಣಗಿತ್ತು. "ಆಗಲ್ಲ ಹೊನ್ನೂರಿ," ಅಂದಳು ಚೌಡಕ್ಕ. "ಪೆಟ್ಟಿಗೆ ಇದೆ, ಮೇಣ ಇದೆ, ಹುಳಕ್ಕೆ ನೀರಿಲ್ಲ. ಬಾಯಾರಿದ ಹುಳದ ಹತ್ತಿರ ಕೈ ಹಾಕೋಕಾಗುತ್ತಾ? ಬೆಳಗಿಂದ ನಲ್ಲಿ ಬಂದಿಲ್ಲ. ಒಂದು ಕೊಡ ನೀರು ತಾ, ಮೇಣ ಕೊಡ್ತೀನಿ."

ಚೌಡಕ್ಕ ಒಂದು ಖಾಲಿ ಕೊಡ ಕೊಟ್ಟಳು. ಹೊನ್ನೂರಮ್ಮ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡಳು. ಕಾಲು ನೋಯುತ್ತಿತ್ತು. ಹೊಟ್ಟೆ ಹಸಿದಿತ್ತು. ಆದರೂ ಸರಸರ ನಡೆದಳು.

ನಡೆದಳು, ನಡೆದಳು. ಊರ ನಲ್ಲಿಯ ಹತ್ತಿರ ಹೋದಳು. ಅಲ್ಲಿ ನೀರಗಂಟಿ ಓಬಳೇಶ ನಿಂತಿದ್ದ. ಊರಿಗೆ ನೀರು ಬಿಡುವವನು ಅವನೇ.

"ಓಬಳೇಶಣ್ಣ, ಓಬಳೇಶಣ್ಣ, ನೀರು ಬಿಡು. ನೀರು ಬಿಟ್ಟರೆ ಚೌಡಕ್ಕ ಮೇಣ ಕೊಡುತ್ತಾಳೆ. ಮೇಣ ಕೊಟ್ಟರೆ ತಾತ ಬೆಲ್ಟ್ ಹೊಲಿಯುತ್ತಾನೆ. ಬೆಲ್ಟ್ ಹೊಲಿದರೆ ಗಿರಣಿ ಹಿಟ್ಟು ಬೀಸುತ್ತೆ. ಹಿಟ್ಟು ಬಂದರೆ ಬೋರಕ್ಕ ರೊಟ್ಟಿ ತಟ್ಟುತ್ತಾಳೆ. ರೊಟ್ಟಿ ಕೊಟ್ಟರೆ ಮರಿ ಹಲಗೆ ಬಿಡುತ್ತೆ. ಹಲಗೆ ಬಂದರೆ ಸಂದಿ ತುಂಬುತ್ತೆ. ಸಂದಿ ತುಂಬಿದರೆ ತೊಟ್ಟಿ ತುಂಬುತ್ತೆ. ತೊಟ್ಟಿ ತುಂಬಿದರೆ ದನಕರು ಕುಡಿಯುತ್ತವೆ."

ಓಬಳೇಶ ಎಲ್ಲಾ ಕೇಳಿಸಿಕೊಂಡ. ಆಮೇಲೆ ನಲ್ಲಿ ಕಟ್ಟೆಯನ್ನು ತೋರಿಸಿದ. ಕಟ್ಟೆಗೂ ಟೈಲ್ಸ್ ಹಾಕಿತ್ತು. ಹಳೇ ಟೈಲ್ಸು. ಎರಡು ಟೈಲ್ಸ್ ನಡುವೆ ಗಾರೆ ಉದುರಿಹೋಗಿತ್ತು. ನೀರು ಬಿಟ್ಟರೆ ಸಾಕು, ಆ ಸಂದಿಯಿಂದ ಇಳಿದು ಪಕ್ಕದ ಮನೆ ಅಜ್ಜಿಯ ಅಡುಗೆಮನೆಗೆ ಹೋಗುತ್ತಿತ್ತು. ಬೆಳಿಗ್ಗೆ ಅಜ್ಜಿಯ ಚಾಪೆ ನೆನೆದಿತ್ತು. ಅಜ್ಜಿಯ ಕಟ್ಟಿಗೆ ನೆನೆದಿತ್ತು.

"ಆಗಲ್ಲ ಹೊನ್ನೂರಕ್ಕ," ಅಂದ ಓಬಳೇಶ. "ಪೈಪಿದೆ, ನೀರಿದೆ, ಸಂದಿ ಬಾಯಿ ಬಿಟ್ಟಿದೆ. ಈ ಸಂದಿ ತುಂಬು, ನೀರು ಬಿಡ್ತೀನಿ."

ಹೊನ್ನೂರಮ್ಮ ಕೊಡ ಕೆಳಗಿಟ್ಟಳು. ಕಟ್ಟೆ ಮೇಲೆ ಕೂತುಬಿಟ್ಟಳು.

ಸಂದಿ ತುಂಬೋಕೆ ಹಲಗೆ ಬೇಕು. ಹಲಗೆ ಎಲ್ಲಿದೆ? ಮರಿಯ ಬಾಯಲ್ಲಿದೆ. ಮರಿಗೆ ರೊಟ್ಟಿ ಬೇಕು. ರೊಟ್ಟಿಗೆ ಹಿಟ್ಟು ಬೇಕು. ಹಿಟ್ಟಿಗೆ ಬೆಲ್ಟ್ ಬೇಕು. ಬೆಲ್ಟಿಗೆ ಮೇಣ ಬೇಕು. ಮೇಣಕ್ಕೆ ನೀರು ಬೇಕು. ನೀರಿಗೆ ಸಂದಿ ತುಂಬಬೇಕು. ಸಂದಿ ತುಂಬೋಕೆ ಹಲಗೆ ಬೇಕು!

ಸುತ್ತಿ ಸುತ್ತಿ ಅಲ್ಲಿಗೇ ಬಂತು. ಹೊನ್ನೂರಮ್ಮನಿಗೆ ಅಳು ಬಂದಂಗಾಯಿತು. ಸೋಮವಾರ ನೆನಪಾಯಿತು. ಖಾಲಿ ತೊಟ್ಟಿ ನೆನಪಾಯಿತು. ಖಾಲಿ ತೊಟ್ಟಿ ಮುಂದೆ ನಿಂತ ಕರು ಕಣ್ಣಿಗೆ ಕಟ್ಟಿತು.

ಕಣ್ಣು ಒರೆಸಿಕೊಂಡು ಸಂದಿಯನ್ನೇ ನೋಡಿದಳು. ಎಷ್ಟು ಉದ್ದ ಇದೆ? ಗೇಣುದ್ದ ಇದೆ. ಎಷ್ಟು ಅಗಲ ಇದೆ? ಕಡ್ಡಿಯಷ್ಟು ಅಗಲ ಇದೆ. ತೊಟ್ಟಿಯಲ್ಲಿ ಸಂದಿ ಸಾವಿರ. ಇಲ್ಲಿ ಸಂದಿ ಒಂದೇ ಒಂದು.

ಸಾವಿರ ಸಂದಿಗೆ ಹಲಗೆ ಬೇಕೇ ಬೇಕು. ಒಂದು ಸಂದಿಗೆ?

ಹೊನ್ನೂರಮ್ಮ ತನ್ನ ಹೆಬ್ಬೆರಳು ಎತ್ತಿ ನೋಡಿದಳು. ಒತ್ತಿದರೆ ಚೂರು ಬಗ್ಗುತ್ತೆ. ಬಿಟ್ಟರೆ ನೆಟ್ಟಗಾಗುತ್ತೆ. ಗೀರಲ್ಲ. ಕುಡಿಯಲ್ಲ. ಮಡಚಲ್ಲ. ಹೊನ್ನೂರಮ್ಮನಿಗೆ ನಗು ಬಂತು. ಜೋರಾಗಿ ನಕ್ಕಳು. ಓಬಳೇಶನಿಗೆ ಏನೂ ತಿಳಿಯಲಿಲ್ಲ, ಆದರೂ ಅವನೂ ನಕ್ಕ.

ಅವಳು ಸಂದಿಯ ಮಣ್ಣು ಕೆದಕಿ ತೆಗೆದಳು. ಗಾರೆ ಪುಡಿಗೆ ಬಾಟಲಿಯ ನೀರು ಹಾಕಿ ಕಲಸಿದಳು. ಗಾರೆ ಕೈ ಸುಡುತ್ತೆ ನೋಡಿ, ಅದಕ್ಕೆ ಹೆಬ್ಬೆರಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಳು. ಒತ್ತಿದಳು. ಒತ್ತಿ ಒತ್ತಿ ತುಂಬಿದಳು. ಮೇಲಿನದನ್ನು ಒರೆಸಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಇಬ್ಬರೂ ನೆರಳಲ್ಲಿ ಕೂತು ಕಾದರು. ಉಗುರಿಂದ ಕೆರೆದರೂ ಗಾರೆ ಅಲ್ಲಾಡದ ಹಾಗಾಯಿತು.

ಓಬಳೇಶ ನಲ್ಲಿ ತಿರುಗಿಸಿದ. ಮೊದಲು ದಾರದಷ್ಟು ನೀರು. ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ಕೂಗಿ ಹೇಳಿದಳು, ಒಂದು ಹನಿಯೂ ಬಂದಿಲ್ಲ ಅಂತ. ಆಮೇಲೆ ಬೆರಳಿನಷ್ಟು ನೀರು. ಆಮೇಲೆ ತೋಳಿನಷ್ಟು ನೀರು. ಕೊಡ ಗುಳುಗುಳು ತುಂಬಿತು.

ಸಂದಿ ತುಂಬಿತು, ನೀರು ಬಂತು.

ಹೊನ್ನೂರಮ್ಮ ಕೊಡ ಹೊತ್ತು ಚೌಡಕ್ಕನ ಹತ್ತಿರ ಹೋದಳು. ಚೌಡಕ್ಕ ತಟ್ಟೆಗೆ ನೀರು ಸುರಿದಳು. ಹುಳಗಳು ಸಾಲಾಗಿ ಕೂತು ನೀರು ಕುಡಿದವು. ಕೋಪ ಇಳಿಯಿತು. ಚೌಡಕ್ಕ ಪೆಟ್ಟಿಗೆ ತೆರೆದಳು. ನಿಂಬೆಹಣ್ಣಿನಷ್ಟು ಮೇಣ ಕೊಟ್ಟಳು.

ಸಂದಿ ತುಂಬಿತು, ನೀರು ಬಂತು. ನೀರು ಬಂತು, ಮೇಣ ಬಂತು.

ಹೊನ್ನೂರಮ್ಮ ಮೇಣ ಹಿಡಿದು ಪಾಲಯ್ಯ ತಾತನ ಹತ್ತಿರ ಹೋದಳು. ತಾತ ದಾರಕ್ಕೆ ಮೇಣ ಸವರಿದ. ಎಳೆದು ನೋಡಿದ. ದಾರ ಕಿತ್ತುಹೋಗಲಿಲ್ಲ. ಸೂಜಿ ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ. ಬೆಲ್ಟ್ ಗಟ್ಟಿಯಾಯಿತು.

ಸಂದಿ ತುಂಬಿತು, ನೀರು ಬಂತು. ನೀರು ಬಂತು, ಮೇಣ ಬಂತು. ಮೇಣ ಬಂತು, ಬೆಲ್ಟ್ ಬಂತು.

ಹೊನ್ನೂರಮ್ಮ ಬೆಲ್ಟ್ ಹೊತ್ತು ದಾದಾಪೀರನ ಹತ್ತಿರ ಹೋದಳು. ದಾದಾಪೀರ್ ಬೆಲ್ಟ್ ಏರಿಸಿದ. ಗುಂಡಿ ಒತ್ತಿದ. ಗಡಗಡ ಗಡಗಡ ಗಿರಣಿ ತಿರುಗಿತು. ಬಿಳೀ ಹಿಟ್ಟು ಜರಜರ ಇಳಿಯಿತು. ಅವನ ಹುಬ್ಬೂ ಬೆಳ್ಳಗಾಯಿತು. ಹೊನ್ನೂರಮ್ಮನ ಮೂಗೂ ಬೆಳ್ಳಗಾಯಿತು.

ಸಂದಿ ತುಂಬಿತು, ನೀರು ಬಂತು. ನೀರು ಬಂತು, ಮೇಣ ಬಂತು. ಮೇಣ ಬಂತು, ಬೆಲ್ಟ್ ಬಂತು. ಬೆಲ್ಟ್ ಬಂತು, ಹಿಟ್ಟು ಬಂತು.

ಹೊನ್ನೂರಮ್ಮ ಹಿಟ್ಟು ಹೊತ್ತು ಬೋರಕ್ಕನ ಹತ್ತಿರ ಹೋದಳು. ಬೋರಕ್ಕ ಹಿಟ್ಟು ನಾದಿದಳು. ತಪತಪ ತಪತಪ ರೊಟ್ಟಿ ತಟ್ಟಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಒಂದು ಮರಿಗೆ ಅಂದಳು. ಇನ್ನೊಂದಕ್ಕೆ ಶೇಂಗಾ ಚಟ್ನಿ ಹಚ್ಚಿದಳು. ಇದು ನಿನಗೆ, ಇಲ್ಲೇ ನನ್ನ ಕಣ್ಣೆದುರಿಗೆ ತಿನ್ನು ಅಂದಳು. ಹೊನ್ನೂರಮ್ಮ ತಿಂದಳು. ಬೆರಳು ನೆಕ್ಕಿಕೊಂಡಳು.

ಸಂದಿ ತುಂಬಿತು, ನೀರು ಬಂತು. ನೀರು ಬಂತು, ಮೇಣ ಬಂತು. ಮೇಣ ಬಂತು, ಬೆಲ್ಟ್ ಬಂತು. ಬೆಲ್ಟ್ ಬಂತು, ಹಿಟ್ಟು ಬಂತು. ಹಿಟ್ಟು ಬಂತು, ರೊಟ್ಟಿ ಬಂತು.

ಹೊನ್ನೂರಮ್ಮ ರೊಟ್ಟಿ ಹಿಡಿದು ಗಾಡಿಯ ಹತ್ತಿರ ಹೋದಳು. ಬಗ್ಗಿ ನೋಡಿದಳು. ಮರಿ ಅಲ್ಲೇ ಇತ್ತು. ಹಲಗೆಯ ಮೇಲೆ ಗಲ್ಲ ಇಟ್ಟು ಮಲಗಿತ್ತು. ರೊಟ್ಟಿಯ ವಾಸನೆ ಬಂತು. ಒಂದು ಕಣ್ಣು ತೆರೆಯಿತು. ಇನ್ನೊಂದು ಕಣ್ಣು ತೆರೆಯಿತು. ಬಾಲ ಅಲ್ಲಾಡಿತು. ಹಲಗೆ ಬಿಟ್ಟಿತು, ರೊಟ್ಟಿ ಹಿಡಿಯಿತು. ಕಟುಂ ಕುಟುಂ, ಕಟುಂ ಕುಟುಂ.

ಸಂದಿ ತುಂಬಿತು, ನೀರು ಬಂತು. ನೀರು ಬಂತು, ಮೇಣ ಬಂತು. ಮೇಣ ಬಂತು, ಬೆಲ್ಟ್ ಬಂತು. ಬೆಲ್ಟ್ ಬಂತು, ಹಿಟ್ಟು ಬಂತು. ಹಿಟ್ಟು ಬಂತು, ರೊಟ್ಟಿ ಬಂತು. ರೊಟ್ಟಿ ಬಂತು, ಹಲಗೆ ಬಂತು!

ಹೊನ್ನೂರಮ್ಮ ಹಲಗೆ ಎತ್ತಿಕೊಂಡಳು. ಆದರೆ ಮರಿ ರಬ್ಬರನ್ನೇ ಕಡಿದಿದ್ದರೆ? ಅಂಚು ಮುಕ್ಕಾಗಿದ್ದರೆ ಗಾರೆಯ ಮೇಲೆಲ್ಲಾ ಗೆರೆ ಬೀಳುತ್ತೆ. ಹಲಗೆಯನ್ನು ತಿರುಗಿಸಿದಳು. ಈ ಅಂಚು ಸವರಿದಳು. ನುಣ್ಣಗಿದೆ. ಆ ಅಂಚು ಸವರಿದಳು. ನುಣ್ಣಗಿದೆ. ಮೂಲೆ ಮೂಲೆ ಸವರಿದಳು. ಎಲ್ಲಾ ನುಣ್ಣಗಿದೆ. ಮರಿ ಕಡಿದದ್ದು ಬರೀ ಮರದ ಹಿಡಿಯನ್ನು. ಅದರ ಮೇಲೆ ಅಕ್ಕಿಕಾಳಿನಂಥ ಹಲ್ಲಿನ ಗುರುತು. ಅಷ್ಟೇ.

ಈಗ ನೋಡಿ ಕೆಲಸ.

ಬಕೆಟ್ಟಿನಲ್ಲಿ ಗಾರೆ ಕಲಸಿದಳು. ಇಡ್ಲಿ ಹಿಟ್ಟಿಗಿಂತ ಗಟ್ಟಿ, ರೊಟ್ಟಿ ಹಿಟ್ಟಿಗಿಂತ ಮೆತ್ತಗೆ. ಹಲಗೆಯನ್ನು ನೀರಲ್ಲಿ ಅದ್ದಿ ಕೊಡವಿದಳು. ಹಲಗೆಯ ತುದಿಯಲ್ಲಿ ಗಾರೆ ತೆಗೆದುಕೊಂಡಳು. ಹಲಗೆಯನ್ನು ಓರೆಯಾಗಿ ಹಿಡಿದಳು. ಸಂದಿಯ ಉದ್ದಕ್ಕೆ ಎಳೆಯಲಿಲ್ಲ. ಉದ್ದಕ್ಕೆ ಎಳೆದರೆ ಅಂಚು ಒಳಗೆ ಇಳಿದು ಗಾರೆಯನ್ನೇ ಬಗೆದು ತೆಗೆಯುತ್ತೆ. ಮೂಲೆಯಿಂದ ಮೂಲೆಗೆ ಎಳೆದಳು. ಅಡ್ಡಡ್ಡ ಎಳೆದಳು. ಸುಯ್ಯ್, ಪಚ್. ಸುಯ್ಯ್, ಪಚ್. ಗಾರೆ ಸಂದಿಯ ತಳದವರೆಗೂ ಇಳಿಯಿತು.

ಆಮೇಲೆ ಹಲಗೆಯನ್ನು ಇನ್ನಷ್ಟು ನೆಟ್ಟಗೆ ನಿಲ್ಲಿಸಿದಳು. ಮೇಲೆ ಉಳಿದ ಗಾರೆಯನ್ನು ಬಾಚಿ ತೆಗೆದಳು. ನೀಲಿ ಕಂಡಿತು. ಬಿಳಿ ಕಂಡಿತು. ಸ್ವಲ್ಪ ಹೊತ್ತು ಬಿಟ್ಟಳು. ಸ್ಪಂಜು ಹಿಂಡಿ ಹಿಂಡಿ ಹಗುರಾಗಿ ಒರೆಸಿದಳು. ಜೋರಾಗಿ ಒರೆಸಿದರೆ ಸಂದಿಯ ಗಾರೆ ಎದ್ದು ಬರುತ್ತೆ. ಕೊನೆಗೆ ಒಣ ಬಟ್ಟೆಯಲ್ಲಿ ಉಜ್ಜಿದಳು. ಟೈಲ್ಸ್ ಮೇಲಿನ ಬೂದಿ ಬೂದಿ ಮಂಕು ಹೋಯಿತು. ತೊಟ್ಟಿ ಪಳಪಳ ಹೊಳೆಯಿತು.

ಮರಿ ತೊಟ್ಟಿಯೊಳಗೆ ಹಾರೋಕೆ ಬಂತು. ಹೊನ್ನೂರಮ್ಮ ಅದನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡಳು. ಹಸಿ ಗಾರೆ ಮೇಲೆ ಕಾಲಿಟ್ಟೀಯಾ ಅಂತ ಗದರಿಸಿದಳು. ಮರಿ ಅವಳ ಗಲ್ಲ ನೆಕ್ಕಿತು.

ಶನಿವಾರ ಗಾರೆ ಒಣಗಿತು. ಭಾನುವಾರ ಗಾರೆ ಗಟ್ಟಿಯಾಯಿತು.

ಸೋಮವಾರ ಬೆಳಿಗ್ಗೆ ಓಬಳೇಶ ತೊಟ್ಟಿಗೆ ನೀರು ಬಿಟ್ಟ. ನೀರು ಏರಿತು. ಏರಿತು, ಏರಿತು, ಅಂಚಿನವರೆಗೂ ಏರಿತು. ಹೊನ್ನೂರಮ್ಮ ತೊಟ್ಟಿಯ ಸುತ್ತ ಅಂಗೈ ಆಡಿಸಿ ನೋಡಿದಳು. ಹೊರಗೆ ಒಣಗಿದೆ. ಎಲ್ಲಾ ಕಡೆ ಒಣಗಿದೆ. ಒಂದು ಹನಿಯೂ ಜಾರಿಲ್ಲ.

ಬೋರಕ್ಕ ನೋಡೋಕೆ ಬಂದಳು. ದಾದಾಪೀರ್ ಬಂದ. ಪಾಲಯ್ಯ ತಾತ ಬಂದ. ಚೌಡಕ್ಕ ಬಂದಳು. ಅಷ್ಟರಲ್ಲಿ ದೂರದಲ್ಲಿ ಧೂಳು ಎದ್ದಿತು. ಗಂಟೆ ಕೇಳಿಸಿತು.

ಎತ್ತು ಬಂತು. ಸುರ್ ಅಂತ ಕುಡಿಯಿತು.
ಎಮ್ಮೆ ಬಂತು. ಗೊಳಕ್ ಗೊಳಕ್ ಕುಡಿಯಿತು.
ಆಡು ಬಂತು. ಪಿಚಕ್ ಪಿಚಕ್ ಕುಡಿಯಿತು.
ಕುರಿ ಬಂತು. ಒಂದು ಕುಡಿದರೆ ಎಲ್ಲಾ ಕುಡಿದವು.

ಎಲ್ಲರ ಹಿಂದೆ ಒಂದು ಪುಟಾಣಿ ಕರು ಬಂತು. ಅದಕ್ಕೆ ತೊಟ್ಟಿ ಎಟುಕಲಿಲ್ಲ. ಹೊನ್ನೂರಮ್ಮ ಬೊಗಸೆ ತುಂಬಾ ನೀರು ತೆಗೆದು ಹಿಡಿದಳು. ಕರು ಬೊಗಸೆಯಲ್ಲೇ ಮೂತಿ ಇಟ್ಟು ಕುಡಿಯಿತು. ಇನ್ನೂ ಬೇಕು ಅಂತ ಅಂಬಾ ಅಂದಿತು. ಹೊನ್ನೂರಮ್ಮ ಇನ್ನೊಂದು ಬೊಗಸೆ ಕೊಟ್ಟಳು.

ತೊಟ್ಟಿ ತುಂಬಿತ್ತು. ಕರುವಿನ ಹೊಟ್ಟೆ ತುಂಬಿತು. ನಮ್ಮ ಕಥೆಯೂ ತುಂಬಿತು.